ತೋಟದ ಡೀಸೆಲ್ ಇಂಜಿನ್‌ಗೆ ಯಾವ ಎಣ್ಣೆ? ಸಿಂಥೆಟಿಕ್ಕೋ, ಸಾಧಾರಣವೋ?

ಪೇಟೆಯ ಆಯಿಲ್ ಅಂಗಡಿಯಲ್ಲಿ ಇಂದು ಬೆಳೆಗಾರರಿಗೆ ಎದುರಾಗುವ ಪ್ರಶ್ನೆಯೊಂದಿದೆ. ಡೀಸೆಲ್ ಇಂಜಿನ್‌ಗೆ ಆಯಿಲ್ ಬೇಕೆಂದರೆ 'ಸಾಧಾರಣದ್ದು ಕೊಡಲೋ, ಸಿಂಥೆಟಿಕ್ ಕೊಡಲೋ?' ಎಂದು ಅಂಗಡಿಯವರು ಕೇಳುತ್ತಾರೆ. ಸಿಂಥೆಟಿಕ್ ಎಣ್ಣೆಯ ಬೆಲೆ ಸಾಧಾರಣ ಎಣ್ಣೆಯ ಎರಡು ಮೂರು ಪಟ್ಟು ಇರುವುದುಂಟು. ದುಬಾರಿಯಾದದ್ದು ಒಳ್ಳೆಯದೇ ಇರಬೇಕೆಂದು ನಂಬಿ ಹಳೆಯ ಪಂಪ್‌ಸೆಟ್ಟಿಗೂ ಅದನ್ನೇ ಹಾಕಿಸುವವರಿದ್ದಾರೆ. ಪಂಪ್‌ಸೆಟ್ಟಿಗೆಂದು ತಂದ ಅಗ್ಗದ ಎಣ್ಣೆಯನ್ನು ಹೊಸ ಪಿಕಪ್ಪಿಗೂ ಸುರಿಯುವವರಿದ್ದಾರೆ. ಮೊದಲನೆಯದರಲ್ಲಿ ಹಣ ವ್ಯರ್ಥ, ಎರಡನೆಯದರಲ್ಲಿ ವಾಹನಕ್ಕೇ ಅಪಾಯ.

ಎಣ್ಣೆಯ ಖರ್ಚು ಚಿಕ್ಕದು. ಇಂಜಿನ್ ಕೈಕೊಟ್ಟರೆ ಆಗುವ ನಷ್ಟ ಚಿಕ್ಕದಲ್ಲ. ರೊಬಸ್ಟಾ ತೋಟಕ್ಕೆ ಫೆಬ್ರವರಿ–ಮಾರ್ಚ್ ತಿಂಗಳಲ್ಲಿ ಹೂವಿಗಾಗಿ ಒಂದು ಇಂಚಿನಷ್ಟು ನೀರು ಸ್ಪ್ರಿಂಕ್ಲರಿನಲ್ಲಿ ಕೊಡುತ್ತೇವೆ. ಆ ಬಳಿಕ ಸುಮಾರು 15ರಿಂದ 20 ದಿನಗಳಲ್ಲಿ ಎರಡನೆಯ ನೀರು ಬೇಕು. ಈ ದಿನಗಳಲ್ಲಿ ಪಂಪ್‌ಸೆಟ್ಟು ರಾತ್ರಿಯಿಡೀ ಓಡುತ್ತದೆ. ನಡುವೆ ಬೇರಿಂಗ್ ಕಚ್ಚಿ ನಿಂತರೆ ರಿಪೇರಿಗೆ ಹೋಗುವ ಒಂದು ವಾರ ಆ ವರ್ಷದ ಫಸಲಿನ ಮೇಲೆಯೇ ಬೀಳುತ್ತದೆ. ಬೇಸಿಗೆಯಲ್ಲಿ ಕರೆಂಟಿಲ್ಲದ ಹೊತ್ತು ಡೀಸೆಲ್ ಪಂಪನ್ನೇ ನಂಬಿರುವ ಅಡಿಕೆ ತೋಟದವರ ಪಾಡೂ ಇದೇ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಉಚಿತ.

ಎರಡರ ವ್ಯತ್ಯಾಸವೇನು?

ಇಂಜಿನ್ ಎಣ್ಣೆಗೆ ಜಾರಿಸುವುದೊಂದೇ ಕೆಲಸವಲ್ಲ. ಅದು ಪಿಸ್ಟನ್ನಿನ ಕಾವನ್ನು ಹೊತ್ತು ತರಬೇಕು, ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಗಂಟುಕಟ್ಟದಂತೆ ತನ್ನಲ್ಲೇ ತೇಲಿಸಿಕೊಳ್ಳಬೇಕು, ಗಂಧಕದಿಂದ ಹುಟ್ಟುವ ಆಮ್ಲವನ್ನು ಮುರಿಯಬೇಕು. ಇದಕ್ಕಾಗಿ ಮೂಲ ಎಣ್ಣೆಗೆ ಹಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಸಾಧಾರಣ ಮತ್ತು ಸಿಂಥೆಟಿಕ್ ಎಂಬ ಭೇದ ಇರುವುದು ಈ ಮೂಲ ಎಣ್ಣೆಯಲ್ಲಿ.

ಸಾಧಾರಣ ಎಣ್ಣೆ ನೆಲದಿಂದ ತೆಗೆದ ಕಚ್ಚಾ ತೈಲವನ್ನು ಶುದ್ಧಿಮಾಡಿ ಪಡೆದದ್ದು. ಅದರ ಅಣುಗಳು ಗಾಳಿಸದ ಜಲ್ಲಿಯಂತೆ. ಚಿಕ್ಕವು, ದೊಡ್ಡವು, ಮೇಣದಂಥವು ಎಲ್ಲವೂ ಬೆರೆತಿರುತ್ತವೆ. ಸಿಂಥೆಟಿಕ್ ಎಣ್ಣೆಯಲ್ಲಿ ಅಣುಗಳನ್ನು ಕಾರ್ಖಾನೆಯಲ್ಲಿ ಕಟ್ಟಿ ಅಥವಾ ಮಾರ್ಪಡಿಸಿ ಬಹುಮಟ್ಟಿಗೆ ಒಂದೇ ಅಳತೆಗೆ ತಂದಿರುತ್ತಾರೆ. ಇದರ ಫಲ ಮೂರು. ಕಡುಚಳಿಯಲ್ಲಿ ಅದು ಹೆಪ್ಪುಗಟ್ಟದೆ ಹರಿಯುತ್ತದೆ. ಹೆಚ್ಚು ಕಾವಿನಲ್ಲಿ ಬೇಗ ಆವಿಯಾಗುವುದಿಲ್ಲ, ಬೇಗ ಕೆಡುವುದೂ ಇಲ್ಲ. ಕಾವು ಏರಿದಂತೆ ತೀರಾ ತೆಳುವಾಗುವುದೂ ಇಲ್ಲ.

'ಸಿಂಥೆಟಿಕ್' ಎಂಬ ಮಾತಿಗೆ ಎಲ್ಲೆಡೆಯೂ ಒಂದೇ ಅರ್ಥವಿಲ್ಲವೆಂಬುದನ್ನೂ ಗಮನಿಸಬೇಕು. ಕಚ್ಚಾ ತೈಲವನ್ನೇ ಜಲಜನಕದೊಡನೆ ತೀವ್ರವಾಗಿ ಸಂಸ್ಕರಿಸಿದ ಎಣ್ಣೆಯನ್ನು ಹಾಗೆ ಕರೆಯಬಹುದೇ ಎಂಬ ಬಗ್ಗೆ ಅಮೆರಿಕದಲ್ಲಿ ಮೊಬಿಲ್ ಕಂಪೆನಿ ಕ್ಯಾಸ್ಟ್ರಾಲ್ ವಿರುದ್ಧ ದೂರು ಒಯ್ದಿತ್ತು. ಜಾಹೀರಾತುಗಳನ್ನು ಪರಿಶೀಲಿಸುವ ಅಲ್ಲಿನ ಸಂಸ್ಥೆ 1999ರಲ್ಲಿ 'ಕರೆಯಬಹುದು' ಎಂದು ತೀರ್ಮಾನಿಸಿತು. ಇಂದು ಆ ಹೆಸರಿನಲ್ಲಿ ಮಾರಾಟವಾಗುವ ಎಣ್ಣೆಯಲ್ಲಿ ಇಂಥದ್ದೂ ಸಾಕಷ್ಟಿದೆ. ಇವು ಒಳ್ಳೆಯ ಎಣ್ಣೆಗಳೇ. ಆದರೆ ಡಬ್ಬಿಯ ಮೇಲಿನ ದೊಡ್ಡಕ್ಷರದ ಹೆಸರೊಂದನ್ನೇ ನೋಡಿ ಹಣ ಕೊಡಬಾರದು.

ಡಬ್ಬಿಯ ಮೇಲೆ ಓದಬೇಕಾದದ್ದು

ಮೊದಲನೆಯದು 15ಡಬ್ಲ್ಯೂ-40, 20ಡಬ್ಲ್ಯೂ-40, 5ಡಬ್ಲ್ಯೂ-30 ಎಂಬಂಥ ಅಂಕಿ. ಡಬ್ಲ್ಯೂ ಅಕ್ಷರದ ಜೊತೆಗಿರುವುದು ಚಳಿಯಲ್ಲಿ ಎಣ್ಣೆ ಹರಿಯುವ ಗುಣವನ್ನು ಹೇಳುತ್ತದೆ. ಅಂಕಿ ಕಡಿಮೆಯಾದಷ್ಟೂ ಚಳಿಗೆ ಒಳ್ಳೆಯದು. ಕೊನೆಯ ಅಂಕಿ ಇಂಜಿನ್ ಕಾದಾಗ ಎಣ್ಣೆ ಎಷ್ಟು ದಪ್ಪವಿರುತ್ತದೆ ಎಂಬುದನ್ನು ತಿಳಿಸುತ್ತದೆ. 5ಡಬ್ಲ್ಯೂ ಎಣ್ಣೆಯ ಸ್ಟಾರ್ಟಿಂಗ್ ಪರೀಕ್ಷೆ ನಡೆಯುವುದು ಸೊನ್ನೆಗಿಂತ 30 ಡಿಗ್ರಿ ಕೆಳಗೆ. 15ಡಬ್ಲ್ಯೂ ಎಣ್ಣೆಯದು 20 ಡಿಗ್ರಿ ಕೆಳಗೆ. ಕೆನಡಾದ ಲಾರಿಗಳಿಗೆ, ಲಡಾಖಿನಲ್ಲಿ ಓಡುವ ವಾಹನಗಳಿಗೆ ಇದು ಜೀವನ್ಮರಣದ ಪ್ರಶ್ನೆ. ಕೊಡಗು, ಚಿಕ್ಕಮಗಳೂರಿನ ಡಿಸೆಂಬರ್ ಮುಂಜಾವಿನ ಚಳಿ ನಮಗೆ ಎಷ್ಟೇ ಕೊರೆದರೂ ಸೊನ್ನೆಗಿಂತ ಮೇಲೆಯೇ ಇರುತ್ತದೆ. ಆದುದರಿಂದ ಸಿಂಥೆಟಿಕ್ ಎಣ್ಣೆಯ ಮೊದಲ ಗುಣಕ್ಕೆ ನಮ್ಮ ತೋಟಗಳಲ್ಲಿ ಹೆಚ್ಚು ಬೆಲೆಯಿಲ್ಲ.

ಎರಡನೆಯದು ಎಪಿಐ ಎಂದು ಕರೆಯುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ. ಸಿ ಅಕ್ಷರದಿಂದ ಆರಂಭವಾದರೆ ಡೀಸೆಲ್ ಇಂಜಿನ್‌ಗೆ, ಎಸ್ ಅಕ್ಷರವಾದರೆ ಪೆಟ್ರೋಲ್ ಇಂಜಿನ್‌ಗೆ. ಸಿಎಫ್-4 ದರ್ಜೆ 1990ರದು, ಸಿಎಚ್-4 1998ರದು, ಸಿಐ-4 2002ರದು, ಸಿಜೆ-4 2006ರದು, ಸಿಕೆ-4 2016ರದು. ಹೊಸದಾದಷ್ಟೂ ಮಸಿಯನ್ನು ತಡೆದುಕೊಳ್ಳುವ ಶಕ್ತಿ ಸಾಮಾನ್ಯವಾಗಿ ಹೆಚ್ಚು. ಸಿಎಫ್-4 ಕೇಳುವ ಹಳೆಯ ಇಂಜಿನ್‌ಗೆ ಸಿಐ-4 ಎಣ್ಣೆಯನ್ನು ಧೈರ್ಯವಾಗಿ ಹಾಕಬಹುದು. ಹೊಸ ಇಂಜಿನ್‌ಗೆ ಹಳೆಯ ದರ್ಜೆಯದನ್ನು ಹಾಕಬಾರದು.

ಯಾವ ಇಂಜಿನ್‌ಗೆ ಯಾವುದು?

ಒಂದೇ ಸಿಲಿಂಡರಿನ 5 ಅಶ್ವಶಕ್ತಿಯ ಪಂಪ್‌ಸೆಟ್ಟನ್ನು ತೆಗೆದುಕೊಳ್ಳೋಣ. ನಿಮಿಷಕ್ಕೆ 1500 ಸುತ್ತು ತಿರುಗುವ ಈ ಇಂಜಿನ್‌ನಲ್ಲಿ ಟರ್ಬೊ ಇಲ್ಲ, ನೀರು ತಂಪು ಕೊಡುತ್ತಿರುತ್ತದೆ. ಸಾಧಾರಣ ಎಣ್ಣೆ ಕಾವಿನಿಂದ ಕೆಡುವ ಸ್ಥಿತಿ ಇಲ್ಲಿ ಬರುವುದು ಅಪರೂಪ. ಎಣ್ಣೆ ಕೆಡುವುದು ಮಸಿಯಿಂದ, ಸೋರಿ ಇಳಿದ ಡೀಸೆಲಿನಿಂದ, ಗಾಳಿಯೊಡನೆ ಒಳಹೊಕ್ಕ ಧೂಳಿನಿಂದ. ಈ ಮೂರು ಕಸಗಳನ್ನು ಸಿಂಥೆಟಿಕ್ ಎಣ್ಣೆ ಮಾಯಮಾಡಲಾರದು. ಅದನ್ನೂ ಕಾಲಕ್ಕೆ ಸರಿಯಾಗಿ ಬಸಿಯಲೇಬೇಕು. ಬೆಲೆ ಮೂರು ಪಟ್ಟಾದರೆ ಬಾಳಿಕೆಯೂ ಮೂರು ಪಟ್ಟಾಗಬೇಕಲ್ಲವೇ? ಇಲ್ಲಿ ಅದು ಆಗುವುದಿಲ್ಲ. ಕೈಪಿಡಿ ಹೇಳುವ ದಪ್ಪದ ಒಳ್ಳೆಯ ಸಾಧಾರಣ ಎಣ್ಣೆಯೇ ಈ ಇಂಜಿನ್‌ಗೆ ಸರಿ. ಹಳೆಯ ಜೀಪು, ಟರ್ಬೊ ಇಲ್ಲದ ಟ್ರ್ಯಾಕ್ಟರ್, ಪವರ್ ಟಿಲ್ಲರುಗಳಿಗೂ ಇದೇ ಮಾತು.

ಟರ್ಬೊ ಇರುವ ವಾಹನದ ಲೆಕ್ಕ ಬೇರೆ. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರುತ್ತದೆ. ಅದನ್ನು ತಿರುಗಿಸುವುದು ಇಂಜಿನ್‌ನ ಸುಡುವ ಹೊಗೆ. ಘಾಟಿ ಹತ್ತಿ ಬಂದ ಕೂಡಲೇ ಇಂಜಿನ್ ನಿಲ್ಲಿಸಿದರೆ ಟರ್ಬೊದ ಬೇರಿಂಗಿನಲ್ಲಿ ನಿಂತ ಎಣ್ಣೆ ಅಲ್ಲೇ ಬೆಂದು ಕರಿಯಾಗುತ್ತದೆ. ಈ ಕಾವನ್ನು ಸಿಂಥೆಟಿಕ್ ಎಣ್ಣೆ ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೂ ಘಾಟಿ ಹತ್ತಿ ಬಂದ ಮೇಲೆ ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ನಿಲ್ಲಿಸುವ ಅಭ್ಯಾಸವನ್ನು ಚಾಲಕರು ಮಾಡಿಕೊಳ್ಳುವುದು ಒಳ್ಳೆಯದು. ಇದಕ್ಕೆ ಖರ್ಚೇನೂ ಇಲ್ಲ.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಬಿಎಸ್-6 ನಿಯಮದ ವಾಹನಗಳಲ್ಲಿ ಮತ್ತೊಂದು ವಿಶೇಷವಿದೆ. ಬಹುತೇಕ ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಮಸಿ ಶೋಧಕ ಇರುತ್ತದೆ. ಅದರಲ್ಲಿ ಕೂತ ಮಸಿಯನ್ನು ಇಂಜಿನ್ ತಾನೇ ಆಗಾಗ ಸುಟ್ಟುಕೊಳ್ಳುತ್ತದೆ. ಆದರೆ ಎಣ್ಣೆಯಲ್ಲಿರುವ ರಾಸಾಯನಿಕಗಳ ಬೂದಿ ಸುಡುವುದಿಲ್ಲ. ಅದು ಅಲ್ಲೇ ಉಳಿದು ಶೋಧಕವನ್ನು ಕಟ್ಟಿಹಾಕುತ್ತದೆ. ಆದುದರಿಂದ ಇವಕ್ಕೆ ಬೂದಿ ಕಡಿಮೆಯಿರುವ ಎಣ್ಣೆಯೇ ಬೇಕು. ಅದು ಯಾವುದೆಂದು ವಾಹನದ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಹಲವು ಬಾರಿ ಅದು ಸಿಂಥೆಟಿಕ್ಕೇ ಆಗಿರುತ್ತದೆ. ಇಲ್ಲಿ ಉಳಿತಾಯಕ್ಕೆ ಹೋಗಬಾರದು.

ತೋಟದೊಳಗೇ ಸಣ್ಣ ಸಣ್ಣ ಓಡಾಟ ಮಾಡುವ ಬಿಎಸ್-6 ವಾಹನಕ್ಕೆ ಇನ್ನೊಂದು ತೊಂದರೆಯುಂಟು. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಅದಕ್ಕಾಗಿ ಚಿಮ್ಮಿದ ಡೀಸೆಲಿನ ಸ್ವಲ್ಪ ಭಾಗ ಎಣ್ಣೆಗೆ ಇಳಿಯುತ್ತದೆ. ಅಳತೆಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರುತ್ತಾ ಹೋದರೆ ಸಂತೋಷಪಡಬಾರದು. ಡೀಸೆಲ್ ಸೇರುತ್ತಿದೆ ಎಂದು ತಿಳಿದು ಎಣ್ಣೆ ಬದಲಿಸಬೇಕು. ಆಗಾಗ ಹೆದ್ದಾರಿಯಲ್ಲಿ ಅರ್ಧ ತಾಸು ಓಡಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ.

ಗಂಟೆಯ ಲೆಕ್ಕ

ಎಣ್ಣೆಯ ಆಯ್ಕೆಗಿಂತಲೂ ಅದನ್ನು ಬದಲಿಸುವ ಲೆಕ್ಕದಲ್ಲಿ ನಮ್ಮಲ್ಲಿ ತಪ್ಪಾಗುವುದು ಹೆಚ್ಚು. ಜೀಪಿನ ಎಣ್ಣೆಯನ್ನು 10,000 ಕಿಲೋಮೀಟರಿಗೆ ಬದಲಿಸಬೇಕೆಂದು ಇಟ್ಟುಕೊಳ್ಳೋಣ. ರಸ್ತೆಯ ಮೇಲೆ ಗಂಟೆಗೆ ಸರಾಸರಿ 40 ಕಿಲೋಮೀಟರ್ ಓಡಿದರೆ ಅದು 250 ಗಂಟೆಯ ದುಡಿಮೆ. ಅದೇ ಜೀಪು ತೋಟದ ಏರುದಾರಿಯಲ್ಲಿ ಗೊಬ್ಬರ, ಹಣ್ಣು ಕಾಫಿ, ಅಡಿಕೆ ಗೊನೆ ಹೇರಿಕೊಂಡು ಕೆಳಗಿನ ಗೇರಿನಲ್ಲಿ ಗಂಟೆಗೆ 15 ಕಿಲೋಮೀಟರ್ ಸಾಗಿದರೆ 250 ಗಂಟೆಯಲ್ಲಿ ಮೀಟರು ತೋರಿಸುವುದು 3,750 ಮಾತ್ರ. ಮೀಟರನ್ನೇ ನಂಬಿ 10,000ದವರೆಗೆ ಕಾದರೆ ಇಂಜಿನ್ 660 ಗಂಟೆಗೂ ಮೀರಿ ಅದೇ ಎಣ್ಣೆಯಲ್ಲಿ ದುಡಿದಂತಾಯಿತು. ತೋಟದೊಳಗೇ ಹೆಚ್ಚು ಓಡುವ ವಾಹನಕ್ಕೆ ಕಿಲೋಮೀಟರಿನ ಅವಧಿಯನ್ನು ಅರ್ಧಕ್ಕಾದರೂ ಇಳಿಸಬೇಕು.

ಪಂಪ್‌ಸೆಟ್ಟಿಗೆ ಮೀಟರೇ ಇರುವುದಿಲ್ಲ. ಪಂಪ್‌ಹೌಸಿನ ಗೋಡೆಗೆ ಒಂದು ನೋಟುಪುಸ್ತಕ ತೂಗುಹಾಕಿ, ಓಡಿದ ಗಂಟೆಗಳನ್ನು ಪ್ರತಿದಿನ ಬರೆಸುವುದು ಸುಲಭೋಪಾಯ. ದಿನಕ್ಕೆ 10 ಗಂಟೆಯಂತೆ 20 ದಿನ ಓಡಿದರೆ 200 ಗಂಟೆ ಆಯಿತು. ಕೈಪಿಡಿ 250 ಗಂಟೆ ಎಂದಿದ್ದರೆ ಒಂದು ಹಂಗಾಮಿಗೆ ಒಂದು ಬದಲಾವಣೆ ಸಾಕು.

ಮಳೆಗಾಲದ ಮುನ್ನ

ಆ ಒಂದು ಬದಲಾವಣೆ ಯಾವಾಗ ಎಂಬುದು ಮುಖ್ಯ. ನೀರು ಹಾಯಿಸುವ ಮೊದಲು ಬದಲಿಸೋಣವೆಂದು ಹಳೆಯ ಎಣ್ಣೆಯಲ್ಲೇ ಇಂಜಿನನ್ನು ಮಳೆಗಾಲವಿಡೀ ನಿಲ್ಲಿಸಿಡುವುದು ಸಾಮಾನ್ಯ ಪದ್ಧತಿ. ಇದು ಸರಿಯಲ್ಲ. ದುಡಿದ ಎಣ್ಣೆಯಲ್ಲಿ ಆಮ್ಲ ಇರುತ್ತದೆ. ಮಲೆನಾಡಿನ ತೇವದ ಗಾಳಿಯಿಂದ ಒಳಗೆ ನೀರಿನ ಪಸೆ ಸೇರುತ್ತದೆ. ಇವೆರಡೂ ಸೇರಿ ತಿಂಗಳುಗಟ್ಟಲೆ ಬೇರಿಂಗನ್ನೂ ಲೈನರನ್ನೂ ತಿನ್ನುತ್ತವೆ. ಕೊನೆಯ ನೀರು ಮುಗಿದ ದಿನವೇ, ಇಂಜಿನ್ ಬಿಸಿಯಿರುವಾಗ ಎಣ್ಣೆ ಬಸಿಯಬೇಕು; ಬಿಸಿ ಎಣ್ಣೆಯೊಡನೆ ಕಸವೂ ಇಳಿದುಬರುತ್ತದೆ. ಫಿಲ್ಟರ್ ಬದಲಿಸಿ ಅಥವಾ ಜಾಲರಿ ತೊಳೆದು, ಹೊಸ ಎಣ್ಣೆ ಹಾಕಿ, ಐದು ನಿಮಿಷ ಓಡಿಸಿ ನಿಲ್ಲಿಸಬೇಕು. ಒಳಗಿನ ಭಾಗಗಳಿಗೆಲ್ಲ ಶುದ್ಧ ಎಣ್ಣೆಯ ಲೇಪ ಬೀಳುತ್ತದೆ. ಅದೇ ಎಣ್ಣೆ ಮುಂದಿನ ಹಂಗಾಮಿನ ನೀರಿಗೂ ಆಗುತ್ತದೆ. ಇದರಲ್ಲಿ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ಬದಲಾದದ್ದು ತಿಂಗಳು ಮಾತ್ರ.

ಕೆಲವು ತಪ್ಪು ತಿಳಿವಳಿಕೆಗಳು

'ಎಣ್ಣೆ ಕಪ್ಪಾದರೆ ಕೆಟ್ಟಿತು.' ಡೀಸೆಲ್ ಇಂಜಿನ್‌ನಲ್ಲಿ ಹೊಸ ಎಣ್ಣೆ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಅದು ತೇಲಿಸಿಕೊಳ್ಳುತ್ತಿದೆ ಎಂಬುದಕ್ಕೆ ಇದೇ ಗುರುತು. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ, ತೆಳುವಾಗಿ ಡೀಸೆಲ್ ವಾಸನೆ ಬಂದರೆ ಇಂಧನ ಸೇರಿದೆ ಎಂದು ತಿಳಿದು ಕೂಡಲೇ ಮೆಕ್ಯಾನಿಕ್ಕಿಗೆ ತೋರಿಸಬೇಕು.

'ಎರಡೂ ಬೆರೆತರೆ ಇಂಜಿನ್ ಹಾಳು.' ಒಂದೇ ದರ್ಜೆಯ ಸಾಧಾರಣ ಮತ್ತು ಸಿಂಥೆಟಿಕ್ ಎಣ್ಣೆಗಳು ಒಂದರೊಡನೊಂದು ಬೆರೆಯುತ್ತವೆ. ತುರ್ತಿಗೆ ಬೆರೆಸಿದರೆ ಹಾನಿಯಿಲ್ಲ. ದುಬಾರಿ ಎಣ್ಣೆಯ ಗುಣ ಮಾತ್ರ ಕುಗ್ಗುತ್ತದೆ. ಎಣ್ಣೆ ಕಡಿಮೆಯಿಟ್ಟು ಓಡಿಸುವುದಕ್ಕಿಂತ ಬೆರೆಸುವುದು ಎಷ್ಟೋ ಮೇಲು.

'ಸಿಂಥೆಟಿಕ್ ಹಾಕಿದರೆ ಸೀಲ್ ಸೋರುತ್ತದೆ.' ಮೊದಲ ಕಾಲದ ಕೆಲವು ಎಣ್ಣೆಗಳಿಗೆ ಈ ದೋಷವಿತ್ತು, ಈಗಿನವಕ್ಕೆ ಇಲ್ಲ. ಸವೆದ ಸೀಲನ್ನು ಜಿಡ್ಡಿನ ಕಸ ಮುಚ್ಚಿಕೊಂಡಿದ್ದರೆ, ಅದು ತೊಳೆದುಹೋದಾಗ ಸೋರಿಕೆ ಕಾಣಬಹುದು. ಆಗ ಬದಲಿಸಬೇಕಾದದ್ದು ಸೀಲನ್ನು.

ಬಸಿದ ಎಣ್ಣೆಯ ಬಗ್ಗೆ

ಬಸಿದ ಎಣ್ಣೆಯನ್ನು ತೋಡಿಗೆ ಚೆಲ್ಲುವುದು, ಸೌದೆಗೆ ಸುರಿದು ಸುಡುವುದು ಕೂಡದು. ಅದರಲ್ಲಿರುವ ವಸ್ತುಗಳು ಚರ್ಮಕ್ಕೂ ಕೆಟ್ಟವು. ಕೈಗೆ ತಾಗಿದರೆ ಸಾಬೂನಿನಿಂದ ತೊಳೆಯಬೇಕು. ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳು ಬಳಸಿದ ಎಣ್ಣೆಗೂ ಅನ್ವಯಿಸುತ್ತವೆ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ನೋಂದಾಯಿತ ಮರುಶುದ್ಧಿಯವರಿಗೆ ಕೊಡುವ ಗ್ಯಾರೇಜಿಗೆ ತಲುಪಿಸಬೇಕು. ಎಣ್ಣೆಯ ಡಬ್ಬಿಗಳನ್ನು ಕಾಫಿ ಕಣದ ಬಳಿಯಾಗಲಿ, ಪಾರ್ಚ್‌ಮೆಂಟ್ ದಾಸ್ತಾನಿನ ಕೋಣೆಯಲ್ಲಾಗಲಿ ಇಡಬಾರದು. ಕಾಫಿ ಬೀಜ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ಬೆಳೆಗಾರರು ನೆನಪಿಡಬೇಕಾದದ್ದು

1. ಪಂಪ್‌ಸೆಟ್ಟು, ಹಳೆಯ ಜೀಪು, ಟಿಲ್ಲರಿಗೆ ಕೈಪಿಡಿ ಹೇಳುವ ದಪ್ಪದ, ಒಳ್ಳೆಯ ದರ್ಜೆಯ ಸಾಧಾರಣ ಎಣ್ಣೆ ಸಾಕು.
2. ಟರ್ಬೊ ಮತ್ತು ಡಿಪಿಎಫ್ ಇರುವ ವಾಹನಕ್ಕೆ ಕೈಪಿಡಿ ಹೇಳಿದ ಎಣ್ಣೆಯನ್ನೇ, ದುಬಾರಿಯಾದರೂ, ಹಾಕಬೇಕು.
3. ಇಂಜಿನ್ ದುಡಿದ ಗಂಟೆ ಲೆಕ್ಕವಿಟ್ಟು ಎಣ್ಣೆ ಬದಲಿಸಬೇಕು; ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು.
4. ಪಂಪ್‌ಸೆಟ್ಟಿನ ಎಣ್ಣೆಯನ್ನು ಮಳೆಗಾಲದ ಮುನ್ನ ಬದಲಿಸಿ ನಿಲ್ಲಿಸಬೇಕು.
5. ಗಾಳಿಯ ಫಿಲ್ಟರನ್ನು ಎಣ್ಣೆಯಷ್ಟೇ ಜಾಗ್ರತೆಯಿಂದ ನೋಡಿಕೊಳ್ಳಬೇಕು. ಧೂಳು ಒಳಹೋದರೆ ಯಾವ ಎಣ್ಣೆಯೂ ಇಂಜಿನನ್ನು ಉಳಿಸಲಾರದು.
6. ಸೀಲ್ ಮುರಿಯದ ಡಬ್ಬಿಯನ್ನು ಬಿಲ್ಲಿನೊಡನೆ ಕೊಳ್ಳಬೇಕು. ಬಿಡಿ ಎಣ್ಣೆಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು.