ಸ್ಟೆಂಟ್ ಆಯಿತು, ಎಕೋ ಆಯಿತೇ?

‘ಬ್ಲಾಕ್ ತೆಗೆದ್ರಂತೆ, ಇನ್ನೇನೂ ಭಯ ಇಲ್ಲ.’ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರ ಮನೆಯಲ್ಲಿ ಕೇಳಿಬರುವ ಮೊದಲ ಮಾತಿದು. ರಕ್ತನಾಳದ ಮಟ್ಟಿಗೆ ಸರಿಯೇ. ಆದರೆ ರಕ್ತ ಸಿಗದೆ ಸತ್ತ ಸ್ನಾಯು ಮೊದಲ ವಾರದಲ್ಲಿ ಮೆತ್ತಗಾಗುತ್ತದೆ. ಮಾಗಿ ಗಟ್ಟಿ ಕಲೆಯಾಗಲು ವಾರಗಳೇ ಬೇಕು. ತೊಡಕುಗಳು ಹೊಂಚು ಹಾಕುವುದು ಈ ನಡುವೆ.

ವಾರ್ಡಿನಲ್ಲಿ ಗೆಲುವಾಗಿಯೇ ಇದ್ದ ರೋಗಿಗೆ ಮೂರನೆಯದೋ ಐದನೆಯದೋ ದಿನ ಏಕಾಏಕಿ ಉಸಿರು ಕಟ್ಟುತ್ತದೆ, ಬಿಪಿ ಕುಸಿಯುತ್ತದೆ. ಸ್ಟೆತಸ್ಕೋಪ್ ಇಟ್ಟರೆ ನಿನ್ನೆ ಇರದಿದ್ದ ಮರ್ಮರ ಶಬ್ದ. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ತೂತಾಯಿತೇ? ಮೈಟ್ರಲ್ ಕವಾಟವನ್ನು ಹಿಡಿದಿಡುವ ಪ್ಯಾಪಿಲರಿ ಸ್ನಾಯು ಹರಿಯಿತೇ? ಕಿವಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟ. ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಎಕೋ ಯಂತ್ರವನ್ನು ಹಾಸಿಗೆಯ ಬಳಿಗೇ ತಳ್ಳಿಕೊಂಡು ಬಂದು ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದರೆ ಸಾಮಾನ್ಯವಾಗಿ ನಿಮಿಷಗಳಲ್ಲಿ ಉತ್ತರ ಸಿಗುತ್ತದೆ. ಬಣ್ಣದ ಧಾರೆ ಎಡಗೋಣೆಯಿಂದ ಬಲಗೋಣೆಗೆ ನುಗ್ಗಿದರೆ ಗೋಡೆಯ ತೂತು. ಮೇಲಿನ ಎಡ ಹೃತ್ಕರ್ಣಕ್ಕೆ ವಾಪಸು ಚಿಮ್ಮಿದರೆ ಕವಾಟದ ಸೋರಿಕೆ. ಹಿಂಬದಿಯ ಪ್ಯಾಪಿಲರಿ ಸ್ನಾಯುವಿಗೆ ಬಹುಪಾಲು ಜನರಲ್ಲಿ ಒಂದೇ ನಾಳದ ಆಸರೆ. ಹಾಗಾಗಿ ಆಘಾತ ಸಣ್ಣದಾಗಿದ್ದರೂ ಅದು ಹರಿದೀತು.

1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹೆರ್ಟ್ಸ್ ಮೊದಲ ಎಕೋ ತೆಗೆದದ್ದು ಎರವಲು ತಂದ ಯಂತ್ರದಲ್ಲಿ. ಅದರ ಮೂಲ ಕೆಲಸ ಲೋಹದ ಬಿರುಕು ಪತ್ತೆಹಚ್ಚುವುದು! ಇಂದಿಗೂ ಎಕೋ ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ.

ಸದ್ದಿಲ್ಲದ ತೊಡಕೂ ಇದೆ. ಹೃದಯದ ಮುಂಭಾಗಕ್ಕೆ ಆಘಾತವಾದಾಗ ತುದಿ ಅಲುಗದೆ ನಿಲ್ಲಬಹುದು, ಅಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗಬಹುದು. ನೋವಿಲ್ಲ, ಸುಸ್ತಿಲ್ಲ, ಮೊದಲ ಸೂಚನೆ ಪಾರ್ಶ್ವವಾಯುವೇ ಆಗಬಹುದು. ಸಾದಾ ಎಕೋದ ಕಣ್ಣಿಗೆ ಈ ಹೆಪ್ಪು ತಪ್ಪಿಹೋಗುವುದುಂಟು. ಗ್ಯಾಡೊಲಿನಿಯಂ ಕೊಟ್ಟು ತೆಗೆದ ಎಂಆರ್‌ಐನಲ್ಲಿ ಸ್ನಾಯುವಿನ ಕಲೆ ಬೆಳ್ಳಗೆ, ಅದಕ್ಕೆ ಅಂಟಿದ ಹೆಪ್ಪು ಕಪ್ಪಗೆ ಕಾಣುತ್ತದೆ. ಕಂಡರೆ ಸಾಮಾನ್ಯವಾಗಿ ಮೂರು ತಿಂಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಮತ್ತೆ ಸ್ಕ್ಯಾನ್. ಹಾಗೆಂದು ಎಲ್ಲರಿಗೂ ಎಂಆರ್‌ಐ ಬೇಕಿಲ್ಲ.

ನನ್ನ ಪ್ರಕಾರ ಜನ ಹೆಚ್ಚು ತಪ್ಪಿಸಿಕೊಳ್ಳುವುದು ಎರಡನೆಯ ಎಕೋವನ್ನು. ಡಿಸ್ಚಾರ್ಜ್ ದಿನದ ಇಎಫ್ (ಪ್ರತಿ ಬಡಿತಕ್ಕೆ ಎಡಗೋಣೆ ಹೊರದೂಡುವ ರಕ್ತದ ಶೇಕಡಾವಾರು) ಅಂಕಿಯನ್ನೇ ನೆಂಟರೆಲ್ಲ ಬಾಯಿಪಾಠ ಮಾಡಿರುತ್ತಾರೆ. ಆದರೆ ಆಗ ಒಂದಷ್ಟು ಸ್ನಾಯು ಸತ್ತಿರುವುದಿಲ್ಲ, ಮಂಕಾಗಿರುತ್ತದೆ ಅಷ್ಟೆ, ವಾರಗಳಲ್ಲಿ ಚೇತರಿಸಿಕೊಂಡೀತು. ಅದಕ್ಕೇ ಹಠಾತ್ ಸಾವು ತಡೆಯುವ ಐಸಿಡಿ ಯಂತ್ರ ಅಳವಡಿಸಬೇಕೇ ಎಂಬ ತೀರ್ಮಾನಕ್ಕೆ ವೈದ್ಯರು ಕನಿಷ್ಠ 40 ದಿನ, ಸ್ಟೆಂಟ್ ಹಾಕಿದ್ದರೆ ಮೂರು ತಿಂಗಳು ಕಾಯುತ್ತಾರೆ. ಆಗಿನ ಎಕೋದಲ್ಲೂ ಇಎಫ್ ಶೇ 35 ದಾಟದಿದ್ದರೆ ಆ ಮಾತು ಮೇಜಿಗೆ ಬರುತ್ತದೆ.