ಶರತ್ಕಾಲದ ಹಿಮಾಲಯ ಚಾರಣ: ಥೊರೊಂಗ್ ಲಾ ಮಾರ್ಗದ ಪೂರ್ವಸಿದ್ಧತೆ

ದಸರಾ ಮತ್ತು ದೀಪಾವಳಿ ರಜೆಗಳಲ್ಲಿ ಹಿಮಾಲಯದ ಚಾರಣಕ್ಕೆ ಹೊರಡುವವರು ಈಗ ನಗರವಾಸಿಗಳು ಮಾತ್ರವಲ್ಲ. ಗ್ರಾಮಗಳ ಯುವಕ ಯುವತಿಯರು, ಶಿಕ್ಷಕರು, ಮುಕ್ತಿನಾಥ ದರ್ಶನದ ಸಂಕಲ್ಪವುಳ್ಳ ಹಿರಿಯರೂ ಹೊರಡುತ್ತಿದ್ದಾರೆ. ಅಲ್ಲಿ ಅವಘಡ ಸಂಭವಿಸಿದರೆ ಇಲ್ಲಿನ ಕುಟುಂಬದವರು ಮೊದಲು ಬಂದು ನಿಲ್ಲುವುದು ತಮ್ಮ ಗ್ರಾಮ ಪಂಚಾಯತಿ ಸದಸ್ಯರ ಮನೆಯ ಮುಂದೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಮಾರ್ಗದಲ್ಲಿ ಹವಾಮಾನ ಕೆಟ್ಟು, 22 ಜನರ ತಂಡದ 9 ಮಂದಿ ಪ್ರಾಣ ಕಳೆದುಕೊಂಡರು. ಆ ತಂಡದ ಬಹುಪಾಲು ಜನ ಕರ್ನಾಟಕದವರು. ಚಾರಣಕ್ಕೆ ಹೊರಡುವವರು ಸಲಹೆ ಕೇಳಿದಾಗ ಸದಸ್ಯರು ಯಾವ ಪ್ರಶ್ನೆಗಳನ್ನು ಕೇಳಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಇದಕ್ಕಾಗಿ ನೇಪಾಳದ ಅನ್ನಪೂರ್ಣ ಪರ್ವತಶ್ರೇಣಿಯನ್ನು ಸುತ್ತುವ ಮಾರ್ಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಈ ಮಾರ್ಗ ಬೇಸಿಸಹರ್ ಎಂಬ ಪಟ್ಟಣದಿಂದ ಆರಂಭವಾಗಿ, ಮರ್ಸ್ಯಾಂಗ್ದಿ ನದಿಯ ಜಾಡಿನಲ್ಲಿ ಮನಾಂಗ್ ತಲುಪಿ, 5,416 ಮೀಟರ್ ಎತ್ತರದ ಥೊರೊಂಗ್ ಲಾ ದಾಟಿ, ಆಚೆ ಬದಿಯ ಮುಕ್ತಿನಾಥಕ್ಕೆ ಇಳಿಯುತ್ತದೆ. ‘ಲಾ’ ಎಂದರೆ ಟಿಬೆಟನ್ ಭಾಷೆಯಲ್ಲಿ ಘಾಟಿ. ಮುಕ್ತಿನಾಥವು ವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು. ಬೌದ್ಧರಿಗೂ ಪವಿತ್ರ ಸ್ಥಳ. ನಮ್ಮ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಶಿಲೆಗಳು ದೊರೆಯುವುದು ಅದರ ಕೆಳಗೆ ಹರಿಯುವ ಕಾಳಿ ಗಂಡಕಿಯಲ್ಲಿ.

ಶರತ್ಕಾಲವನ್ನು ಆರಿಸಿಕೊಳ್ಳುವುದಕ್ಕೆ ಕಾರಣ ಸರಳವಾಗಿದೆ. ಮುಂಗಾರು ಸಾಮಾನ್ಯವಾಗಿ ಅಕ್ಟೋಬರ್ ಆರಂಭದ ಹೊತ್ತಿಗೆ ನೇಪಾಳದಿಂದ ಹಿಂದೆ ಸರಿಯುತ್ತದೆ. ಮಳೆ ಧೂಳನ್ನು ತೊಳೆದಿರುವುದರಿಂದ ಆಕಾಶ ಶುಭ್ರವಾಗಿರುತ್ತದೆ, ಚಳಿಗಾಲದ ಹಿಮ ಇನ್ನೂ ಬಿದ್ದಿರುವುದಿಲ್ಲ. ಆದರೆ ಈ ಲೆಕ್ಕ ಪ್ರತಿ ವರ್ಷ ಕೂಡಿಬರುವುದಿಲ್ಲ. 2024ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಕಠ್ಮಂಡು ಕಣಿವೆ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಸುರಿದ ಮಳೆಗೆ 200ಕ್ಕೂ ಹೆಚ್ಚು ಜನ ಬಲಿಯಾದರು, ಹೆದ್ದಾರಿಗಳು ಕುಸಿದವು. ಆದ್ದರಿಂದ ಅಕ್ಟೋಬರ್ ಎರಡನೆಯ ವಾರಕ್ಕಿಂತ ಮುಂಚೆ ಬೆಟ್ಟದ ರಸ್ತೆಯ ಪ್ರಯಾಣವನ್ನು ಇಟ್ಟುಕೊಳ್ಳದಿರುವುದು ಮೇಲು.

ಎರಡನೆಯ ಅಪಾಯ ಬಂಗಾಳ ಕೊಲ್ಲಿಯಿಂದ ಬರುತ್ತದೆ. ಇದನ್ನು ಬಹಳ ಜನ ಊಹಿಸುವುದಿಲ್ಲ. 2014ರ ಅಕ್ಟೋಬರ್ 12ರಂದು ‘ಹುದ್‌ಹುದ್’ ಚಂಡಮಾರುತ ವಿಶಾಖಪಟ್ಟಣದ ಬಳಿ ತೀರವನ್ನು ಅಪ್ಪಳಿಸಿತು. ನೆಲದ ಮೇಲೆ ಅದರ ಗಾಳಿಯ ವೇಗ ಕುಗ್ಗಿತಾದರೂ ಅದು ಹೊತ್ತ ತೇವಾಂಶ ಉತ್ತರಕ್ಕೆ ಸಾಗಿತು. ಆ ತೇವಾಂಶ ಎತ್ತರದ ಪರ್ವತಕ್ಕೆ ತಾಗಿ ಮೇಲೇರಿ ತಣಿದಾಗ ಮಳೆಯಾಗಿ ಅಲ್ಲ, ಹಿಮವಾಗಿ ಸುರಿಯಿತು. ಎರಡೇ ದಿನಗಳ ಅಂತರದಲ್ಲಿ, ಅಕ್ಟೋಬರ್ 14ರಂದು, ಥೊರೊಂಗ್ ಲಾ ಮತ್ತು ಸುತ್ತಲಿನ ಪ್ರದೇಶದಲ್ಲಿ ಭಾರಿ ಹಿಮಬಿರುಗಾಳಿ ಎದ್ದಿತು. ಕನಿಷ್ಠ 43 ಜನ ಸತ್ತರು. ಅವರಲ್ಲಿ ಚಾರಣಿಗರು, ಮಾರ್ಗದರ್ಶಿಗಳು, ಹೊರೆಯಾಳುಗಳು ಮತ್ತು ಯಾಕ್ ಕಾಯುವವರೂ ಇದ್ದರು. ಘಾಟಿಯ ತುದಿಯ ಚಹಾ ಗುಡಿಸಲಿನವರೆಗೆ ತಲುಪಿದ್ದ ಅನೇಕರು, ದಾರಿ ಕಾಣದ ಬಿಳಿ ಕತ್ತಲೆಯಲ್ಲಿ ಮುಕ್ತಿನಾಥದ ಕಡೆಗೆ ಇಳಿಯಲು ಹೊರಟು ದಿಕ್ಕು ತಪ್ಪಿದರು. ಕೆಳಗಿನ ವಸತಿಗೃಹಗಳಲ್ಲಿಯೇ ಉಳಿದವರು ಬದುಕಿಕೊಂಡರು.

ಗಮನಿಸಬೇಕಾದ ಅಂಶವೆಂದರೆ, ಆ ಚಂಡಮಾರುತದ ಸುದ್ದಿ ಆಂಧ್ರದ ಕರಾವಳಿಯ ಪ್ರತಿಯೊಂದು ಮನೆಗೂ ಮೊದಲೇ ತಿಳಿದಿತ್ತು. ಪರ್ವತದಲ್ಲಿದ್ದ ಬಹಳಷ್ಟು ಮಂದಿಗೆ ತಿಳಿದಿರಲಿಲ್ಲ. ಆದ್ದರಿಂದ ಮನಾಂಗ್ ತಲುಪಿದವರು ನೋಡಬೇಕಾದದ್ದು ಸ್ಥಳೀಯ ಆಕಾಶವನ್ನು ಮಾತ್ರವಲ್ಲ; ಭಾರತೀಯ ಹವಾಮಾನ ಇಲಾಖೆಯ ಬಂಗಾಳ ಕೊಲ್ಲಿಯ ಮುನ್ಸೂಚನೆಯನ್ನೂ ನೋಡಬೇಕು. ಊರಿನಲ್ಲಿರುವ ಮನೆಯವರೂ ಈ ಕೆಲಸವನ್ನು ಮಾಡಬಹುದು. ದೂರವಾಣಿಯಲ್ಲಿ ತಲುಪಿಸಿದ ಒಂದು ವಾಕ್ಯದ ಎಚ್ಚರಿಕೆ ಸಾಕು.

ಇನ್ನು ಎತ್ತರದ ವಿಷಯ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಈ ಮಾರ್ಗದಲ್ಲಿ ಜೀಪು ಇಳಿದು ನಡಿಗೆ ಆರಂಭಿಸುವ ಚಾಮೆ ಎಂಬ ಊರೇ ಸುಮಾರು 2,670 ಮೀಟರ್ ಎತ್ತರದಲ್ಲಿದೆ. ಥೊರೊಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಅಂದರೆ ಒಂದು ಉಸಿರಿಗೆ ದೊರೆಯುವ ಆಮ್ಲಜನಕವೂ ಅರ್ಧ. ಈ ಕೊರತೆಗೆ ದೇಹ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ದೈಹಿಕ ಶಕ್ತಿ, ವಯಸ್ಸು, ಕಬಡ್ಡಿಯಲ್ಲಿ ಗೆದ್ದ ಪದಕ, ಯಾವುದೂ ಈ ದಿನಗಳಿಗೆ ಬದಲಿಯಾಗುವುದಿಲ್ಲ. ಗಟ್ಟಿಮುಟ್ಟಾದ ಯುವಕರೇ ವೇಗವಾಗಿ ಏರಿ ಹೆಚ್ಚು ತೊಂದರೆಗೆ ಒಳಗಾಗುವುದುಂಟು.

ವೈದ್ಯರು ಸಾಮಾನ್ಯವಾಗಿ ಹೇಳುವ ನಿಯಮ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರ ಒಂದು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಅಲ್ಲಿಯೇ ತಂಗಬೇಕು. ಹಗಲಿನಲ್ಲಿ ಇನ್ನೂ ಮೇಲೆ ಹತ್ತಿ, ಮಲಗಲು ಕೆಳಗೆ ಬರುವುದಕ್ಕೆ ಅಡ್ಡಿಯಿಲ್ಲ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವಿಕೆ ಕಾಣಿಸಿಕೊಂಡರೆ ಅದು ಮೊದಲ ಎಚ್ಚರಿಕೆ, ಗುಣವಾಗುವವರೆಗೆ ಮೇಲೇರಬಾರದು. ನಡಿಗೆ ತೂರಾಡುವುದು, ಮಾತು ತಡವರಿಸುವುದು, ಕುಳಿತಾಗಲೂ ಏದುಸಿರು ಬರುವುದು ಪ್ರಾಣಾಪಾಯದ ಲಕ್ಷಣಗಳು. ಆಗ ರಾತ್ರಿಯೆನ್ನದೆ ಕೆಳಗೆ ಇಳಿಸುವುದೇ ಚಿಕಿತ್ಸೆ. ಬೆಳಗಾಗಲಿ ಎಂದು ಕಾಯಬಾರದು. ಮುಂಜಾಗ್ರತೆಯಾಗಿ ನೀಡುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನುಂಗುವುದು ಸಲ್ಲದು. ರಕ್ತದೊತ್ತಡ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಹಿರಿಯರು ಹೊರಡುವ ಮುನ್ನ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾ ಕೇಂದ್ರ ಚಾರಣದ ಋತುವಿನಲ್ಲಿ ತೆರೆದಿರುತ್ತದೆ. ಅಲ್ಲಿನ ವೈದ್ಯರು ಎತ್ತರದ ಕಾಯಿಲೆಯ ಬಗ್ಗೆ ನೀಡುವ ಉಪನ್ಯಾಸವನ್ನು ಕೇಳಿ ಮುಂದುವರಿಯುವುದು ಒಳ್ಳೆಯದು.

ಮನಾಂಗ್‌ವರೆಗೆ ಈಗ ಜೀಪಿನ ರಸ್ತೆ ಇದೆ. ಗ್ರಾಮಸ್ಥರಿಗೆ ಇದು ದೊಡ್ಡ ಅನುಕೂಲ. ಆದರೆ ಚಾರಣಿಗರಿಗೆ ಇದೇ ರಸ್ತೆ ಹೊಸ ಅಪಾಯವಾಗಿದೆ. ದಿನ ಉಳಿಸಲೆಂದು ಬೇಸಿಸಹರ್‌ನಿಂದ ನೇರವಾಗಿ ಸುಮಾರು 3,500 ಮೀಟರ್ ಎತ್ತರದ ಮನಾಂಗ್‌ಗೆ ಜೀಪಿನಲ್ಲಿ ಹೋದವರ ದೇಹಕ್ಕೆ ಹೊಂದಿಕೊಳ್ಳಲು ಅವಕಾಶವೇ ದೊರೆಯುವುದಿಲ್ಲ.

ಈ ನಿಯಮದ ಪ್ರಕಾರ ದಿನಗಳ ಲೆಕ್ಕ ಹಾಕೋಣ. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲಿನಲ್ಲಿ ಸುಮಾರು ಎರಡು ದಿನ, ಸೋನೌಲಿ ಗಡಿ ದಾಟಿ ಬೇಸಿಸಹರ್ ತಲುಪಲು ಇನ್ನೆರಡು ದಿನ, ಜೀಪಿನಲ್ಲಿ ಚಾಮೆಗೆ ಒಂದು ದಿನ. ಅಲ್ಲಿಂದ ಪಿಸಾಂಗ್, ಮನಾಂಗ್, ಮನಾಂಗ್‌ನಲ್ಲಿ ಒಂದು ದಿನ ತಂಗುವಿಕೆ, ಯಾಕ್ ಖರ್ಕ, ಥೊರೊಂಗ್ ಫೇದಿ, ನಂತರ ಘಾಟಿ ದಾಟಿ ಮುಕ್ತಿನಾಥ: ಆರು ದಿನ. ಮುಕ್ತಿನಾಥದಿಂದ ಜೋಮ್‌ಸೋಮ್, ಪೋಖರಾ ಮೂಲಕ ಗಡಿಗೆ ಎರಡು ದಿನ, ಮತ್ತೆ ರೈಲು. ಒಟ್ಟು 15 ದಿನ. ಇದಕ್ಕೆ ಕನಿಷ್ಠ 3 ದಿನ ಹೆಚ್ಚುವರಿ ಸೇರಿಸಬೇಕು. ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಅನಿರೀಕ್ಷಿತ ವೆಚ್ಚಕ್ಕೆ ಮೊತ್ತ ಕಾದಿರಿಸುವುದು ಸದಸ್ಯರಿಗೆ ಪರಿಚಿತ ಪದ್ಧತಿ. ಇಲ್ಲಿ ಕಾದಿರಿಸಬೇಕಾದದ್ದು ಹಣಕ್ಕಿಂತ ಮುಖ್ಯವಾಗಿ ದಿನಗಳನ್ನು. ಫೇದಿಯಲ್ಲಿ ಹಿಮ ಬೀಳುತ್ತಿರುವಾಗ ಮರಳುವ ಟಿಕೆಟ್ಟಿನ ದಿನಾಂಕ ಕಣ್ಣಮುಂದೆ ಬಂದರೆ, ತಪ್ಪು ನಿರ್ಧಾರಕ್ಕೆ ಅದೊಂದೇ ಕಾರಣ ಸಾಕಾಗುತ್ತದೆ. ರಜೆ 12 ದಿನ ಮಾತ್ರ ಇರುವವರು ಘಾಟಿ ದಾಟುವ ಯೋಜನೆಯನ್ನು ಕೈಬಿಟ್ಟು, ಮನಾಂಗ್ ನೋಡಿ ಅದೇ ದಾರಿಯಲ್ಲಿ ಮರಳಬಹುದು. ಅದು ಸೋಲಲ್ಲ, ಆ ಮಾರ್ಗದ ಅತ್ಯಂತ ಸುಂದರ ಭಾಗ ಅಷ್ಟರಲ್ಲಿಯೇ ಮುಗಿದಿರುತ್ತದೆ.

ಘಾಟಿಯ ದಿನ ನಸುಕಿನ ನಾಲ್ಕು ಗಂಟೆಗೆ ಹೊರಡುವುದು ರೂಢಿ. ಹೊತ್ತು ಏರಿದಂತೆ ಅಲ್ಲಿ ಗಾಳಿ ಬಲವಾಗುತ್ತದೆ. ಸುಮಾರು 950 ಮೀಟರ್ ಏರಿ, ಆಮೇಲೆ 1,600 ಮೀಟರ್ ಇಳಿಯಬೇಕಾದ ದಿನವದು. ಮೊಣಕಾಲುಗಳನ್ನು ಹೆಚ್ಚು ದಣಿಸುವುದು ಇಳಿಜಾರೇ. ಊರಿನಲ್ಲಿ ಎರಡು ತಿಂಗಳು ಮೊದಲಿನಿಂದ ಬೆನ್ನಿಗೆ ಭಾರ ಹೊತ್ತು ಬೆಟ್ಟ ಹತ್ತಿಳಿದು ಅಭ್ಯಾಸ ಮಾಡಿದವರಿಗೆ ಇದು ಸುಲಭವಾಗುತ್ತದೆ.

ದಾಖಲೆಗಳ ವಿಷಯದಲ್ಲಿ ಭಾರತೀಯರಿಗೆ ವೀಸಾ ಬೇಕಾಗಿಲ್ಲ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಜೊತೆಯಲ್ಲಿರಬೇಕು. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪ್ರವೇಶ ಪರವಾನಗಿ ಕಡ್ಡಾಯ. ಸಾರ್ಕ್ ದೇಶಗಳವರಿಗೆ ಇದರ ಶುಲ್ಕ ಕಡಿಮೆ. 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರು ಪರವಾನಗಿ ಹೊಂದಿದ ಮಾರ್ಗದರ್ಶಿಯನ್ನು ಕರೆದೊಯ್ಯಬೇಕೆಂಬ ನಿಯಮ ಜಾರಿಗೆ ಬಂದಿದೆ. ಮಾರ್ಗದರ್ಶಿ ಮತ್ತು ಹೊರೆಯಾಳಿನ ವಿಮೆ, ಬೆಚ್ಚನೆಯ ಬಟ್ಟೆ, ಹೊರುವ ತೂಕ ಇವುಗಳನ್ನು ಮೊದಲೇ ಮಾತಾಡಿಕೊಳ್ಳಬೇಕು. ನೇಪಾಳದ ದಶೈಂ ಹಬ್ಬ ನಮ್ಮ ದಸರೆಯ ಕಾಲಕ್ಕೇ ಬರುವುದರಿಂದ ಆ ದಿನಗಳಲ್ಲಿ ಬಸ್ಸುಗಳು ಕಿಕ್ಕಿರಿದಿರುತ್ತವೆ, ಕೆಲಸಗಾರರು ತಮ್ಮ ಮನೆಗಳಿಗೆ ಹೋಗಿರುತ್ತಾರೆ. ಭಾರತದ 100 ರೂಪಾಯಿ ನೇಪಾಳದ 160 ರೂಪಾಯಿಗೆ ಸಮ. ಬೆಟ್ಟದ ಮೇಲೆ ಬ್ಯಾಂಕಿನ ಸೌಲಭ್ಯವನ್ನು ನೆಚ್ಚದೆ ನಗದು ಒಯ್ಯಬೇಕು. ವಿಮೆಯ ಪತ್ರದಲ್ಲಿ ‘6,000 ಮೀಟರ್‌ವರೆಗೆ’ ಮತ್ತು ‘ಹೆಲಿಕಾಪ್ಟರ್ ರಕ್ಷಣೆ’ ಎಂಬ ಮಾತುಗಳು ಇವೆಯೇ ಎಂದು ಓದಿ ನೋಡಬೇಕು. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಇವು ಇರದಿರುವುದೇ ಹೆಚ್ಚು.

ಪ್ರವೇಶ ಶುಲ್ಕದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಪಂಚಾಯತಿ ಸದಸ್ಯರಿಗೆ ವಿಶೇಷ ಆಸಕ್ತಿಯ ಸಂಗತಿ. 1986ರಲ್ಲಿ ಆರಂಭವಾದ ಈ ಸಂರಕ್ಷಣಾ ಯೋಜನೆಯಲ್ಲಿ ಸ್ಥಳೀಯ ಗ್ರಾಮಸ್ಥರ ಸಮಿತಿಗಳೇ ಕಾಡು, ಕಾಲುದಾರಿ, ಸೇತುವೆಗಳ ನಿರ್ವಹಣೆಯಲ್ಲಿ ಪಾಲ್ಗೊಳ್ಳುತ್ತವೆ. ಪ್ಲಾಸ್ಟಿಕ್ ಬಾಟಲಿ ಕಡಿಮೆ ಮಾಡಲು ಮಾರ್ಗದುದ್ದಕ್ಕೂ ಕೆಲವು ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಕೇಂದ್ರಗಳನ್ನು ಸ್ಥಾಪಿಸಿ, ಚಾರಣಿಗರು ತಂದ ಬಾಟಲಿಗೆ ಹಣ ಪಡೆದು ನೀರು ತುಂಬಿಕೊಡುತ್ತಾರೆ. ನಮ್ಮ ಜಿಲ್ಲೆಗಳ ಚಾರಣತಾಣಗಳ ಪಕ್ಕದ ಪಂಚಾಯತಿಗಳು ಈ ವ್ಯವಸ್ಥೆಯನ್ನು ಪರಿಶೀಲಿಸಲು ಯೋಗ್ಯವಾಗಿದೆ.

ಹೊರಡುವವರು ಒಂದು ಹಾಳೆಯಲ್ಲಿ ಪ್ರತಿ ರಾತ್ರಿ ತಂಗುವ ಊರು, ಮಾರ್ಗದರ್ಶಿಯ ಮತ್ತು ಸಂಸ್ಥೆಯ ದೂರವಾಣಿ ಸಂಖ್ಯೆ, ವಿಮೆಯ ಸಂಖ್ಯೆ, ರಕ್ತದ ಗುಂಪು, ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ಸಂಖ್ಯೆ ಇವುಗಳನ್ನು ಬರೆದು, ಒಂದು ಪ್ರತಿಯನ್ನು ಮನೆಯಲ್ಲಿಯೂ ಇನ್ನೊಂದನ್ನು ತಮ್ಮ ವಾರ್ಡಿನ ಸದಸ್ಯರಲ್ಲಿಯೂ ಕೊಟ್ಟು ಹೋಗುವಂತೆ ತಿಳಿಸಬಹುದು. ಹಾಳೆಯ ಕೊನೆಯಲ್ಲಿ ಒಂದು ದಿನಾಂಕ ಇರಬೇಕು: ಹೆಚ್ಚುವರಿ ದಿನಗಳೂ ಮುಗಿದು, ಅಂದಿನ ಸಂಜೆಯವರೆಗೆ ಕರೆ ಬಾರದಿದ್ದರೆ ಮನೆಯವರು ವಿಚಾರಣೆ ಆರಂಭಿಸಬೇಕಾದ ದಿನಾಂಕ.