ಬಾಕ್ಸ್ ಮೇಲಿನ ಎರಡು, ಮೀಟರ್‌ನ ಒಂದು

‘ನೀನು ಎಲೆಕ್ಟ್ರಾನಿಕ್ಸ್ ಓದಿದವನಲ್ಲವೇನೋ? ಇದನ್ನೊಂದು ನೋಡು ಮಾರಾಯ’ ಎಂದು ಸೋದರಮಾವ ಕಾರಿನ ಡಿಕ್ಕಿ ತೆರೆದಾಗ ನನಗೆ ಒಳಗೊಳಗೇ ಖುಷಿ. ಬಿ.ಇ. ಮುಗಿಸಿ ಎಂಟು ತಿಂಗಳಾಗಿತ್ತು. ಶಿವಮೊಗ್ಗದ ಮಾವನ ಮನೆಯಲ್ಲಿ ಕೂತು ಅರ್ಜಿ ಹಾಕುವುದು, ಬಾರದ ಇ-ಮೇಲ್‌ಗೆ ಕಾಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ‘ಈಗ ಏನ್ ಮಾಡ್ತಿದೀಯ?’ ಎಂಬ ಪ್ರಶ್ನೆಗೆ ಹೆದರಿ ನೆಂಟರ ಮದುವೆಗೆ ಹೋಗುವುದನ್ನೂ ನಿಲ್ಲಿಸಿದ್ದೆ. ಅಂತೂ ನನ್ನ ಓದಿಗೊಂದು ಕೆಲಸ ಸಿಕ್ಕಿತ್ತು!

ಮಾವನದು ಸೆಕೆಂಡ್ ಹ್ಯಾಂಡ್ ಕಾರು. ಅದರ ಡಿಕ್ಕಿಯಲ್ಲಿ ಕಂಪನಿಯವರೇ ಕೂರಿಸಿದ ಎಂಟು ಇಂಚಿನ ಸಬ್‌ವೂಫರ್ ಇತ್ತು. ವಯಸ್ಸಿನಲ್ಲಿ ಊರಿನ ತಂಡದಲ್ಲಿ ಡೊಳ್ಳು ಬಾರಿಸುತ್ತಿದ್ದ ಮಾವ, ಸೊಂಟನೋವು ಬಂದ ಮೇಲೆ ಅದನ್ನು ಬಿಟ್ಟಿದ್ದರು. ಈಗ ಸಂಜೆ ಕಾರಿನಲ್ಲಿ ಕೂತು ಡೊಳ್ಳಿನ ರೆಕಾರ್ಡಿಂಗ್ ಕೇಳುವುದೇ ಅವರ ಸುಖ. ‘ಹೊಡೆತ ಎದೆಗೆ ತಾಗಬೇಕು ಕಣೋ’ ಎನ್ನುತ್ತಿದ್ದರು. ಆದರೆ ಅವರ ಮಗ ಸ್ನೇಹಿತರ ಜೊತೆ ಜೋಗಕ್ಕೆ ಹೋದವನು ದಾರಿಯುದ್ದಕ್ಕೂ ಬಾಸ್, ವಾಲ್ಯೂಮ್ ಎರಡನ್ನೂ ಪೂರ್ತಿ ಏರಿಸಿದ್ದ. ವಾಪಸು ಬರುವಾಗ ಸಬ್‌ವೂಫರ್ ಮೊದಲು ‘ಪರಪರ’ ಎಂದು ಹರಿದ ಬಟ್ಟೆಯಂತೆ ಸದ್ದು ಮಾಡಿ, ಆಮೇಲೆ ಸುಮ್ಮನಾಗಿತ್ತು.

ಸ್ಪೀಕರ್ ಒಳಗೆ ಅಯಸ್ಕಾಂತದ ನಡುವೆ ತೆಳ್ಳನೆಯ ತಂತಿ ಸುತ್ತಿದ ವಾಯ್ಸ್ ಕಾಯಿಲ್ ಇರುತ್ತದೆ. ಅದು ಹಿಂದೆ ಮುಂದೆ ಆಡಿದಂತೆ ಕೋನ್ ಕೂಡ ಆಡಿ ಸದ್ದು ಹೊರಡಿಸುತ್ತದೆ. ತಾಳುವುದಕ್ಕಿಂತ ಹೆಚ್ಚು ಶಕ್ತಿ ಹರಿದರೆ ಕಾಯಿಲ್ ಬಿಸಿಯಾಗಿ ಸುಡುತ್ತದೆ. ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ತಂತಿ ತುಂಡಾಗಿದೆ ಎಂದು ತೋರಿಸಿತು. ಅಯಸ್ಕಾಂತದ ಹಿಂಬದಿಯ ಸ್ಟಿಕ್ಕರ್‌ನಲ್ಲಿ ‘2 ಓಮ್’ ಎಂದಿತ್ತು.

ಎರಡು ಓಮ್ ತಾನೇ? ಆನ್‌ಲೈನ್‌ನಲ್ಲಿ ಹುಡುಕಿದೆ. ಅದೇ ಅಳತೆಯ, ಆಳ ಕಡಿಮೆಯಿರುವ, ಬಾಕ್ಸ್ ಮೇಲೆ ‘ಡ್ಯುಯಲ್ ವಾಯ್ಸ್ ಕಾಯಿಲ್, 2 ಓಮ್’ ಎಂದು ಬರೆದಿದ್ದ ಸಬ್‌ವೂಫರ್ ಸಿಕ್ಕಿತು. ಮಾವ ಮರುಮಾತಾಡದೆ 4,200 ರೂಪಾಯಿ ಕೊಟ್ಟರು. ಬಂದ ದಿನವೇ ಕೂರಿಸಿದೆ. ನಾಲ್ಕು ಟರ್ಮಿನಲ್ ಇದ್ದವು. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಆಂಪ್ಲಿಫೈಯರ್‌ನ ಎರಡು ವೈರ್‌ಗೆ ಕೊಟ್ಟೆ.

ಡೊಳ್ಳು ಮೊಳಗಿತು! ಮಾವ ಕಣ್ಣು ಮುಚ್ಚಿ ಸ್ಟೀರಿಂಗ್ ಮೇಲೆ ತಾಳ ಹಾಕಿದರು. ನನ್ನ ಎದೆ ಉಬ್ಬಿತು. ಹತ್ತೇ ನಿಮಿಷ, ಸದ್ದು ನಿಂತಿತು. ಆಂಪ್ಲಿಫೈಯರ್ ಮುಟ್ಟಿದರೆ ದೋಸೆ ಕಾವಲಿ. ತಣ್ಣಗಾದ ಮೇಲೆ ಮತ್ತೆ ಹಾಡಿತು, ಮತ್ತೆ ನಿಂತಿತು. ‘ವೈರಿಂಗ್ ಹಳೇದಾಗಿದೆ ಮಾವ’ ಎಂದೆ. ನಿಜಕ್ಕೂ ನನಗೆ ಏನೂ ಗೊತ್ತಾಗಿರಲಿಲ್ಲ. ಗೊತ್ತಿಲ್ಲ ಎನ್ನಲು ಡಿಗ್ರಿ ಅಡ್ಡ ಬಂತು. ಮೂರನೇ ದಿನ ಡಿಕ್ಕಿಯಿಂದ ಸುಟ್ಟ ವಾಸನೆ. ಆ ಆಂಪ್ಲಿಫೈಯರ್ ಹೋದರೆ ಹೊಸದಕ್ಕೆ ಸಬ್‌ವೂಫರ್‌ಗಿಂತ ಎಷ್ಟೋ ಪಟ್ಟು ಹೆಚ್ಚು ತೆರಬೇಕಿತ್ತು. ಮಾವ ಬೈಯಲಿಲ್ಲ. ‘ಬಿಡು, ಹಾಡಿಲ್ಲದಿದ್ರೂ ಕಾರು ಓಡ್ತದೆ’ ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಅವರಿಗೆ ಹೇಳದೆ ಕಾರ್ ಆಕ್ಸೆಸರೀಸ್ ಅಂಗಡಿಯೊಂದಕ್ಕೆ ಹೋದೆ. ಅಲ್ಲಿ ಕೆಲಸ ಮಾಡುವ ಹಿರಿಯರು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವರಂತೆ. ಎಲ್ಲ ಕೇಳಿಸಿಕೊಂಡು, ‘ಇದು ಎಷ್ಟು ಓಮ್ ತಮ್ಮಾ?’ ಎಂದರು.

‘ಎರಡು ಅಣ್ಣ.’

‘ಯಾರು ಹೇಳಿದ್ದು?’

‘ಬಾಕ್ಸ್ ಮೇಲೇ ಇದೆ.’

‘ಬಾಕ್ಸ್ ಹೇಳಿದ್ದು ಬೇಡ. ಮೀಟರ್ ಏನು ಹೇಳ್ತದೆ?’

ಅವರು ಮೊದಲು ಮೀಟರ್‌ನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರು: 0.2. ಅದು ಮೀಟರ್‌ನ ವೈರ್‌ನದೇ ರೋಧ, ಕಳೆಯಬೇಕು. ಆಮೇಲೆ ಆಂಪ್ಲಿಫೈಯರ್ ಕಡೆಯ ವೈರ್ ಬಿಚ್ಚಿ, ನಾನು ಜೋಡಿಸಿದ ಸಬ್‌ವೂಫರ್‌ಗೆ ಹಿಡಿದರು: 1.1. ಅಂದರೆ 0.9. ನನ್ನ ಮುಖ ಸಣ್ಣದಾಯಿತು.

ಬಾಕ್ಸ್ ಮೇಲಿದ್ದ ಎರಡು ಓಮ್ ಒಂದೊಂದು ಕಾಯಿಲ್‌ನ ಲೆಕ್ಕ. ಅಂಥ ಎರಡನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ಒಂದು ಓಮ್. ಹತ್ತನೇ ಕ್ಲಾಸಿನಿಂದ ಈ ಲೆಕ್ಕ ಎಷ್ಟು ಸಲ ಬಿಡಿಸಿದ್ದೇನೋ! ಜಾರ್ಜ್ ಸೈಮನ್ ಓಮ್ ತನ್ನ ನಿಯಮವನ್ನು ಪ್ರಕಟಿಸಿದ್ದು 1827ರಲ್ಲಿ ಎಂಬುದೂ ನನಗೆ ಬಾಯಿಪಾಠ. ಆದರೆ ಅದೇ ಲೆಕ್ಕ ಪ್ರಶ್ನೆಪತ್ರಿಕೆ ಬಿಟ್ಟು ಡಿಕ್ಕಿಯೊಳಗೆ ಬಂದಾಗ ಗುರುತು ಸಿಗಲಿಲ್ಲ.

ಲೆಕ್ಕ ಸರಳ. ಆಂಪ್ಲಿಫೈಯರ್ 12 ವೋಲ್ಟ್ ಕೊಡುತ್ತಿದೆ ಎಂದುಕೊಳ್ಳಿ. 2 ಓಮ್‌ಗೆ 6 ಆಂಪಿಯರ್, 72 ವ್ಯಾಟ್. ಅದೇ 1 ಓಮ್ ಆದರೆ 12 ಆಂಪಿಯರ್, 144 ವ್ಯಾಟ್. ಎರಡು ಓಮ್‌ಗೆಂದು ಮಾಡಿದ ಆಂಪ್ಲಿಫೈಯರ್‌ಗೆ ಇದು ಎತ್ತಲಾರದ ಹೊರೆ. ಬಿಸಿಯಾಗಿ ತಾನೇ ಬಂದ್ ಆಗಿ ಪ್ರಾಣ ಉಳಿಸಿಕೊಳ್ಳುತ್ತದೆ. ಹಾಗೇ ಓಡಿಸುತ್ತಿದ್ದರೆ ಒಂದು ದಿನ ಸುಟ್ಟೇ ಹೋಗುತ್ತದೆ.

‘ಹಾಗಾದ್ರೆ ಈಗೇನು ಮಾಡೋದು ಅಣ್ಣ?’

‘ಎರಡು ದಾರಿ ಇದೆ. ನಾಲ್ಕು ನಾಲ್ಕು ಓಮ್‌ನ ಡ್ಯುಯಲ್ ಕಾಯಿಲ್ ತಂದು ಪ್ಯಾರಲಲ್ ಕೊಟ್ರೆ ಸರಿಯಾಗಿ ಎರಡು ಓಮ್. ಇಲ್ಲಾ, ಇದನ್ನೇ ಸೀರೀಸ್ ಮಾಡು, ನಾಲ್ಕಾಗ್ತದೆ. ಸದ್ದು ಸ್ವಲ್ಪ ಕಮ್ಮಿ, ಆದ್ರೆ ಆಂಪ್ ತಣ್ಣಗಿರ್ತದೆ.’

ಮತ್ತೆ ದುಡ್ಡು ಕೇಳುವ ಮುಖ ನನಗಿರಲಿಲ್ಲ. ಎರಡನೆಯ ದಾರಿ ಹಿಡಿದೆ. ಮೊದಲ ಕಾಯಿಲ್‌ನ ಮೈನಸ್‌ಅನ್ನು ಎರಡನೆಯದರ ಪ್ಲಸ್‌ಗೆ ಜೋಡಿಸಿ, ಉಳಿದ ಪ್ಲಸ್, ಮೈನಸ್‌ಗಳನ್ನು ಆಂಪ್ಲಿಫೈಯರ್‌ಗೆ ಕೊಟ್ಟೆ. ಒಂದು ಕಾಯಿಲ್ ತಿರುಗುಮುರುಗಾದರೂ ಎರಡೂ ಎದುರುಬದುರು ಎಳೆದಾಡಿ ಸದ್ದೇ ಬರುವುದಿಲ್ಲ ಎಂದು ಅವರು ಎಚ್ಚರಿಸಿದ್ದರು. ಈ ಸಲ ವೈರ್ ಕೊಡುವ ಮೊದಲೇ ಮೀಟರ್ ಹಿಡಿದೆ. ವೈರ್‌ನ 0.2 ಕಳೆದು 3.6. ನಾಲ್ಕು ಓಮ್ ಎನ್ನುವ ಸ್ಪೀಕರ್ ಮೀಟರ್‌ನಲ್ಲಿ ನಾಲ್ಕಕ್ಕಿಂತ ತುಸು ಕಡಿಮೆಯನ್ನೇ ತೋರಿಸುತ್ತದೆ. ಮೀಟರ್ ಅಳೆಯುವುದು ತಂತಿಯ ರೋಧವನ್ನಷ್ಟೇ. ಇಂಪೀಡೆನ್ಸ್ ಎನ್ನುವುದು ಸದ್ದಿನ ಆವರ್ತನಕ್ಕೆ ತಕ್ಕಂತೆ ಏರಿಳಿಯುತ್ತದೆ.

ಶಕ್ತಿ ಅರ್ಧಕ್ಕಿಳಿದರೆ ಸದ್ದೂ ಅರ್ಧವಾಗುತ್ತದೆ ಎಂದು ಹೆದರಿದ್ದೆ. ಹಾಗಾಗಲಿಲ್ಲ. ವ್ಯಾಟ್ ಅರ್ಧವಾದರೆ ಸದ್ದು ಇಳಿಯುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ಸ್ವಲ್ಪವೇ ವ್ಯತ್ಯಾಸ. ಅರ್ಧ ಗಂಟೆ ಓಡಿಸಿದೆ. ಆಂಪ್ಲಿಫೈಯರ್ ಬೆಚ್ಚಗಿತ್ತು, ಅಷ್ಟೆ. ಹಿರಿಯರು ಕೂಲಿ ಕೇಳಲಿಲ್ಲ. ಟೀ ಕುಡಿಸಿ ಬಂದೆ.

ಸಂಜೆ ಮಾವನನ್ನು ಕಾರಿನಲ್ಲಿ ಕೂರಿಸಿ ಡೊಳ್ಳು ಹಾಕಿ, ‘ವೈರಿಂಗ್ ಸರಿಯಾಗೇ ಇತ್ತು ಮಾವ. ತಪ್ಪು ನಂದು’ ಎಂದೆ. ಅವರು ನಕ್ಕರು. ‘ನಂಗೆ ಆವತ್ತೇ ಗೊತ್ತಾಗಿತ್ತು. ಡೊಳ್ಳಿಗೂ ಹಾಗೇ ಕಣೋ. ಚರ್ಮ ಎಷ್ಟು ತಾಳ್ತದೆ ಅಂತ ಕೈಯಿಟ್ಟು ನೋಡಿ ಹಗ್ಗ ಎಳೀಬೇಕು. ಅದು ಬಿಟ್ಟು ಬಲ ತೋರಿಸಕ್ಕೆ ಹೋದ್ರೆ ಹರಿದುಹೋಗ್ತದೆ’ ಎಂದರು.

ಕಳೆದ ತಿಂಗಳು ಬೆಂಗಳೂರಿನ ಪೀಣ್ಯದಲ್ಲಿ ಒಂದು ಇಂಟರ್‌ವ್ಯೂ ಇತ್ತು. ‘ನೀವೇ ಕೈಯಾರೆ ಮಾಡಿದ ಕೆಲಸ ಯಾವುದಾದರೂ ಹೇಳಿ’ ಎಂದರು. ನಾಲ್ವರು ಸೇರಿ ಮಾಡಿದ ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ನನ್ನ ಪಾಲು ರಿಪೋರ್ಟ್ ಬೈಂಡಿಂಗ್ ಮಾಡಿಸಿದ್ದಷ್ಟೇ. ಹಾಗಾಗಿ ಈ ಸಬ್‌ವೂಫರ್ ಕತೆಯನ್ನೇ ಹೇಳಿದೆ, ತಪ್ಪನ್ನೂ ಸೇರಿಸಿ. ಅವರು ಕಾಗದ ತಳ್ಳಿ, ‘ನಾಲ್ಕು ಓಮ್‌ನ ಎರಡು ಕಾಯಿಲ್ ಪ್ಯಾರಲಲ್ ಆದರೆ ಮೀಟರ್ ಎಷ್ಟು ತೋರಿಸುತ್ತದೆ?’ ಎಂದು ಕೇಳಿದರು. ‘ಎರಡು ಓಮ್ ಸರ್. ಆದರೆ ಮೀಟರ್‌ನಲ್ಲಿ 1.8ರ ಆಸುಪಾಸು’ ಎಂದೆ. ಅವರು ತಲೆಯೆತ್ತಿ ನೋಡಿದರು.

ಫಲಿತಾಂಶ ಇನ್ನೂ ಬಂದಿಲ್ಲ. ಇ-ಮೇಲ್‌ಗೆ ಕಾಯುತ್ತಿದ್ದೇನೆ, ಆದರೆ ಈಗ ಕೈ ಕಟ್ಟಿ ಕೂತಿಲ್ಲ. ವಾರಕ್ಕೆ ಮೂರು ದಿನ ಅದೇ ಅಂಗಡಿಗೆ ಹೋಗುತ್ತೇನೆ. ಬ್ಯಾಗಿನಲ್ಲಿ ಮಾರ್ಕ್ಸ್ ಕಾರ್ಡ್ ಜೊತೆ ಒಂದು ಮಲ್ಟಿಮೀಟರ್ ಇರುತ್ತದೆ. ಮೊನ್ನೆ ಒಂದು ಮದುವೆಗೂ ಹೋಗಿದ್ದೆ. ‘ಏನ್ ಮಾಡ್ತಿದೀಯ?’ ಎಂದು ಕೇಳಿದವರಿಗೆ, ‘ಕಲೀತಿದೀನಿ’ ಎಂದೆ.